ಈ ಮೋರಿ ನಮ್ಮದು

ನಮ್ಮತ್ತೆ ಹಾಸಿಗೆ ಹೊಲಿಯುವುದನ್ನು ಒಮ್ಮೆ ನೋಡಬೇಕು. ಹತ್ತಿ ತುಂಬಿದ ಚೀಲದ ಮೇಲೆ ಮಂಡಿಯೂರಿ ಕೂತು, ಗೇಣುದ್ದದ ಸೂಜಿಯನ್ನು ಮೇಲಿನಿಂದ ಚುಚ್ಚಿ ಕೆಳಗಿನಿಂದ ಎಳೆದು, ದಾರಕ್ಕೊಂದು ಗಂಟು ಹಾಕಿ, ಗಂಟನ್ನು ಹೆಬ್ಬೆರಳಲ್ಲಿ ಒತ್ತಿ "ಹೂಂ, ಕೂತ್ಕೋ" ಎನ್ನುತ್ತಾರೆ. ಗಂಟಿಗೆ ಹೇಳುವ ಮಾತು ಅದು. ಅದೇ ದನಿಯಲ್ಲಿ ನನ್ನ ಗಂಡನಿಗೂ ಹೇಳುತ್ತಾರೆ, ಮಾವನಿಗೂ ಹೇಳುತ್ತಾರೆ, ಪುರಸಭೆಯಲ್ಲಿ ಎದ್ದು ಕೂಗಾಡುವ ಸದಸ್ಯರಿಗೂ ಹೇಳಿದ್ದಾರೆ. ಎಲ್ಲರೂ ಕೂತಿದ್ದಾರೆ.

ನಮ್ಮ ಹಾಸಿಗೆ ಅಂಗಡಿ ಇರುವುದು ಪೇಟೆ ಬೀದಿಯ ತಗ್ಗಿನ ತುದಿಯಲ್ಲಿ. ಕೆಳಗೆ ಅಂಗಡಿ, ಅದರ ಹಿಂದೆ ಹತ್ತಿ ಹಿಂಜುವ ಯಂತ್ರದ ಕೋಣೆ, ಮೇಲೆ ನಾವು ಮಲಗುವ ಕೋಣೆಗಳು. ಯಂತ್ರ ನಮ್ಮ ಮಾವನ ವಶ. ಸಂಜೆ ಅವರು ಆಚೆ ಬಂದರೆ ಹುಬ್ಬಿನ ಮೇಲೆ, ಕಿವಿಯ ಅಂಚಿನಲ್ಲಿ ಹತ್ತಿ ಕೂತಿರುತ್ತದೆ. ವ್ಯಾಪಾರ, ಮಾತು, ಜಗಳ, ರಾಜಿ ಇವೆಲ್ಲ ಅತ್ತೆಯ ವಶ. ಊರಿಗೆಲ್ಲ ಅವರು ಹಾಸಿಗೆಯಮ್ಮ.

ಪೇಟೆ ಬೀದಿಯ ಒಂದು ಬದಿಗೆ ಹಳೆಯ ಕಲ್ಲಿನ ಮೋರಿಯಿದೆ. ಕೊಳಚೆ ಹರಿಯುವ ಮೋರಿಯಲ್ಲ, ಬರೀ ಮಳೆನೀರಿನದು. ಮೇಲಿನ ಶಾಲೆಯ ದಿಬ್ಬದಿಂದ ಇಳಿದು, ಪೇಟೆಯನ್ನು ದಾಟಿ, ಪುರಸಭೆ ಕಚೇರಿಯ ಅಡಿಯಲ್ಲಿ ಹಾದು, ಕೆರೆಗೆ ಬೀಳಬೇಕು. ಆದರೆ ನಾನು ಮದುವೆಯಾಗಿ ಬಂದಾಗ ಅಂಥದೊಂದು ಮೋರಿ ಇದೆ ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಎಲ್ಲ ಅಂಗಡಿಯವರೂ ಅದರ ಮೇಲೆ ಚಪ್ಪಡಿ ಎಳೆದು, ಕಟ್ಟೆ ಕಟ್ಟಿ, ಕಟ್ಟೆಯ ಮೇಲೆ ಸಾಮಾನು ಜೋಡಿಸಿಬಿಟ್ಟಿದ್ದರು. ನಮ್ಮದೂ ಹಾಗೆಯೇ. ನಮ್ಮ ಕಟ್ಟೆಯ ಮೇಲೆ ದಿಂಬುಗಳ ಗೋಪುರ.

ಮೋರಿ ಇರುವುದು ನನಗೆ ತಿಳಿದದ್ದು ಮೊದಲ ದೊಡ್ಡ ಮಳೆಯಲ್ಲಿ. ಚಪ್ಪಡಿಗಳ ಸಂದಿಯಿಂದ ಕಂದು ನೀರು ಗುಳುಗುಳು ಎಂದು ಉಕ್ಕಿತು. ನಾವು ದಿಂಬು ಎತ್ತಿಡುವಷ್ಟರಲ್ಲಿ ಹೊಸ್ತಿಲು ದಾಟಿ ಒಳಗೆ ಬಂತು. ಆಸ್ಪತ್ರೆಯೊಂದಕ್ಕೆ ಹೊಲಿದು ನೆಲದ ಮೇಲೆ ಪೇರಿಸಿಟ್ಟಿದ್ದ ಹಾಸಿಗೆಗಳು ಕುಡಿಯುತ್ತಲೇ ಹೋದವು. ನೀರು ಕುಡಿದ ಹತ್ತಿ ಹಾಸಿಗೆ ಎತ್ತಿದವರಿಗೇ ಗೊತ್ತು ಅದರ ಭಾರ. ಒಂದು ತುದಿ ನಾನು, ಒಂದು ತುದಿ ಅತ್ತೆ. ಎತ್ತಿದರೆ ನಡು ನೆಲಕ್ಕೇ ಅಂಟಿಕೊಂಡಿತ್ತು.

"ಬಿಡು, ಬೆನ್ನು ಹಿಡ್ಕೊಳ್ಳುತ್ತೆ" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿರಲಿಲ್ಲ. ಕಾಲು ಒರೆಸಿಕೊಂಡು ನೆಟ್ಟಗೆ ಪುರಸಭೆಗೆ ನಡೆದರು. ಜೊತೆಗೆ ನಾನು.

ಅಲ್ಲಿನ ಗುಮಾಸ್ತರು ಕುರ್ಚಿಯಿಂದ ಏಳದೆಯೇ ಹೇಳಿದರು: "ಆ ಮೋರಿ ರಸ್ತೆ ಪಕ್ಕ ಇದೆ ಅಲ್ವಾಮ್ಮ? ರಸ್ತೆ ನಮ್ಮದಲ್ಲ, ರಸ್ತೆ ಇಲಾಖೇದು. ಅವರನ್ನ ಕೇಳಿ."

ರಸ್ತೆ ಇಲಾಖೆಯವರು ಇನ್ನೂ ಸೊಗಸಾಗಿ ಹೇಳಿದರು: "ರಸ್ತೆ ನಮ್ದೇ. ಆದ್ರೆ ನೀರು ನಮ್ದಲ್ಲ. ಅದು ಊರಿನ ಮನೆಗಳ ಮೇಲಿಂದ ಇಳಿದು ಬರೋ ನೀರು."

"ಹಾಗಾದ್ರೆ ನೀರು ನಂದಾ?" ಅಂದರು ಅತ್ತೆ.

"ನಿಮ್ಮನೇಗೆ ಬಂದಿದೆ ಅಂದ್ಮೇಲೆ ಹಾಗೇ ಅಂದ್ಕೊಳ್ಳಿ" ಎಂದು ಆ ಮನುಷ್ಯ ನಕ್ಕ.

ಆ ನಗುವೇ ಎಲ್ಲಕ್ಕೂ ಕಾರಣ ಎನ್ನುತ್ತಾರೆ ಮಾವ. ಆ ವರ್ಷ ಪುರಸಭೆಗೆ ಚುನಾವಣೆ ಬಂತು. ನಮ್ಮ ಬೀದಿಯ ಸದಸ್ಯರಾಗಿದ್ದವರು ಊರು ಬಿಟ್ಟು ಮಗಳ ಮನೆ ಸೇರಿದ್ದರು. ಅಂಗಡಿಯವರೆಲ್ಲ ಸೇರಿ ಯಾರನ್ನು ನಿಲ್ಲಿಸೋಣ ಎಂದು ನಮ್ಮ ಕಟ್ಟೆಯ ಮೇಲೆಯೇ ಕೂತು ತಲೆ ಕೆಡಿಸಿಕೊಂಡಿದ್ದಾಗ, ಒಳಗಿನಿಂದ ಸೂಜಿ ಹಿಡಿದುಕೊಂಡೇ ಬಂದ ಅತ್ತೆ "ನಾನು ನಿಲ್ತೀನಿ" ಎಂದರು. ಯಾರೂ ಬೇಡವೆನ್ನಲಿಲ್ಲ. ಆ ಸೂಜಿ ನೋಡಿದರೆ ಬೇಡ ಎನ್ನುವುದೂ ಕಷ್ಟ.

ಗೆದ್ದ ದಿನ ಮಾವ ಹತ್ತಿ ಹುಬ್ಬಿನಲ್ಲೇ ಆಚೆ ಬಂದು ಸಿಹಿ ಹಂಚಿದರು. "ಇಷ್ಟು ದಿನ ಬೈಸ್ಕೊಳ್ಳೋಕೆ ನಾನೊಬ್ಬನೇ ಇದ್ದೆ. ಇನ್ಮೇಲೆ ಊರೂ ಸ್ವಲ್ಪ ಪಾಲು ತಗೊಳ್ಳಲಿ" ಎಂದು ಕೈ ಮುಗಿದರು.

ಪುರಸಭೆಯ ಅಧ್ಯಕ್ಷರು ಮರದ ಮಿಲ್ಲಿನ ಯಜಮಾನರು. ಎಲ್ಲರೂ ಅವರನ್ನು ಮಿಲ್ಲಿನವರು ಎಂದೇ ಕರೆಯುತ್ತಿದ್ದರು. ಕೆಟ್ಟವರಲ್ಲ. ಆದರೆ ಜಾಣರು, ಯಾವ ಹೊರೆ ಯಾರ ತಲೆಗೆ ಹೋಗಬೇಕು ಎಂಬುದನ್ನು ಹೊರೆ ಬರುವ ಮೊದಲೇ ಲೆಕ್ಕ ಹಾಕುವವರು. ಅತ್ತೆ ಮೊದಲ ಸಭೆಯಲ್ಲೇ ಮೋರಿಯ ಮಾತು ತೆಗೆದರು. ಆಗಷ್ಟೇ ವರ್ಗವಾಗಿ ಬಂದಿದ್ದ ಇಂಜಿನಿಯರ್ ಹುಡುಗಿ ಎದ್ದು, ಊರಿನ ಗಡಿಯೊಳಗೆ ಬಿದ್ದ ಮಳೆನೀರನ್ನು ಹೊರಗೆ ಸಾಗಿಸುವುದು ಪುರಸಭೆಯದೇ ಕೆಲಸ, ಅದರಲ್ಲಿ ಅನುಮಾನವಿಲ್ಲ ಎಂದಳು. ಚಿಕ್ಕ ದನಿಯಲ್ಲಿ ಹೇಳಿದರೂ ಸ್ಪಷ್ಟವಾಗಿ ಹೇಳಿದಳು. ಮಿಲ್ಲಿನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಸಿಗೆಯಮ್ಮ, ಕಾಯಿದೆ ಏನಾದ್ರೂ ಹೇಳ್ಲಿ. ಈ ಮೋರಿ ನಮ್ದು ಅಂತ ಇವತ್ತು ಬಾಯಿ ಬಿಟ್ಟು ಒಪ್ಕೊಂಡ್ರೆ, ನಾಳೆ ಮಳೆ ಬಂದಾಗ ಜನ ಯಾರನ್ನ ಬೈತಾರೆ?"

"ನಮ್ಮನ್ನೇ."

"ಮತ್ತೆ?"

"ಮತ್ತೇನು? ಬೈಸ್ಕೊಳ್ಳೋಕೆ ತಾನೇ ನಮ್ಮನ್ನ ಆರಿಸಿ ಕಳ್ಸಿರೋದು? ಹೊಗಳಿಸ್ಕೊಳ್ಳೋಕೆ ಮನೇಲಿ ಮೊಮ್ಮಕ್ಕಳಿದ್ದಾರೆ."

ಸಭೆಯೆಲ್ಲ ನಕ್ಕಿತು. ಮೋರಿ ಪುರಸಭೆಯದು ಎಂಬ ಠರಾವು ನಗುನಗುತ್ತಲೇ ಪಾಸಾಯಿತು. ಆಗ ಅದು ಎಷ್ಟು ದೊಡ್ಡ ಮಾತು ಎಂದು ಕೈ ಎತ್ತಿದವರಿಗೂ ಹೊಳೆದಿರಲಿಲ್ಲ. ಮನೆಗೆ ಬಂದ ಮೇಲೆ ನಾನು ಕೇಳಿದೆ: "ಅತ್ತೆ, ಯಾವ ಮೊಮ್ಮಕ್ಕಳು?"

"ಬರ್ತಾರಲ್ಲ, ನಿಂಗೇನು ಅವಸರ" ಎಂದರು. ನನ್ನ ಗಂಡ ಅನ್ನ ನೆತ್ತಿಗೆ ಹತ್ತಿ ಕೆಮ್ಮಿದ.

ಮರುವಾರ ಪೇಟೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದರು: ಈ ಮಳೆನೀರಿನ ಮೋರಿ ಪುರಸಭೆಯದು, ಕಟ್ಟಿಕೊಂಡರೆ ತಿಳಿಸಿ. ಕೆಳಗೆ ಕಚೇರಿಯ ನಂಬರು ಹಾಕಬೇಕಿತ್ತು. ಕಚೇರಿಯಲ್ಲಿ ಫೋನು ಎತ್ತುವವರಿಲ್ಲ ಎಂದು ಅತ್ತೆ ನಮ್ಮ ಅಂಗಡಿಯ ನಂಬರನ್ನೇ ಹಾಕಿಸಿಬಿಟ್ಟರು. ಆಮೇಲೆ ನಮ್ಮ ಪಾಡು ಕೇಳಬೇಡಿ. "ಹಲೋ, ಒಂದು ಡಬಲ್ ಹಾಸಿಗೆ ಬೇಕಿತ್ತು" ಎನ್ನುವವರು ಒಬ್ಬರಾದರೆ, "ಹಲೋ, ಶಾಲೆ ಹತ್ರ ಮೋರೀಲಿ ಮಂಚ ಬಿದ್ದಿದೆ" ಎನ್ನುವವರು ಇನ್ನೊಬ್ಬರು. ಮಾವ ಯಂತ್ರದ ಸದ್ದಿನಲ್ಲಿ ಅರ್ಧಂಬರ್ಧ ಕೇಳಿಸಿಕೊಂಡು, ಹಾಸಿಗೆ ಕೇಳಿದವರ ಮನೆಗೆ ಗುದ್ದಲಿಯವರನ್ನು ಕಳಿಸಿದ್ದೂ ಉಂಟು.

ಹೂಳು ತೆಗೆಯಬೇಕಾದರೆ ಕಟ್ಟೆಗಳು ಹೋಗಬೇಕು. ಅತ್ತೆ ಮೊದಲು ನಮ್ಮದನ್ನೇ ಒಡೆಸಿದರು. ಚಪ್ಪಡಿ ಎತ್ತಿದಾಗ ಅಡಿಯಲ್ಲಿ ಕಪ್ಪಗೆ ಕೊಳೆತು ಮುದ್ದೆಯಾಗಿ ಕೂತಿದ್ದದ್ದು ಏನು ಗೊತ್ತೇ? ಹತ್ತಿ. ನಮ್ಮದೇ ಯಂತ್ರದ ಕೋಣೆಯಿಂದ ಗುಡಿಸಿ ತಳ್ಳಿದ್ದ ಹತ್ತಿ. ಸುತ್ತ ನಿಂತವರು ಕಿಸಕ್ಕೆಂದರು. ಅತ್ತೆ ಮಾವನ ಮುಖ ನೋಡಿದರು, ಮಾವ ಆಕಾಶ ನೋಡಿದರು. "ನಗ್ರಪ್ಪ, ನಗಿ. ನಮ್ಮ ಮನೆ ಪಾಲು ಇಷ್ಟು. ಇನ್ನು ನಿಮ್ಮನೇದು ತೆಗೆಯೋಣ" ಎಂದು ಮುಂದಿನ ಅಂಗಡಿಗೆ ಹೊರಟರು. ಯಂತ್ರದ ಕೋಣೆಯ ನೀರು ಹೋಗುವ ತೂತಿಗೆ ಅಂದೇ ಜಾಲರಿ ಬಿತ್ತು.

ಮುಂದಿನ ಅಂಗಡಿ ಅವರ ಸ್ವಂತ ತಮ್ಮನದು, ಚಪ್ಪಲಿ ಅಂಗಡಿ. ಅವನ ಕಟ್ಟೆ ಬೀದಿಗೇ ಉದ್ದವಾದದ್ದು. ಗಿರಾಕಿಗಳು ಕೂತು ಚಪ್ಪಲಿ ಹಾಕಿ ನೋಡಲು ಬೆಂಚು, ಕನ್ನಡಿ, ಎಲ್ಲವೂ ಅದರ ಮೇಲೆ.

"ಅಕ್ಕಾ, ನಂದೊಂದು ಬಿಟ್ಬಿಡು. ಒಂದು ಕಟ್ಟೆ ಇದ್ರೆ ಏನು ನೀರು ಹರಿಯಲ್ವಾ?"

"ನಿಂದು ಬಿಟ್ರೆ ಉಳಿದೋರ ಮುಂದೆ ನಾನು ಮುಖ ಎತ್ತಿ ಹೇಗೋ ನಡೀಲಿ?"

"ಚೆನ್ನಾಗಿದೆ. ಕುರ್ಚಿ ನಿನಗೆ, ಕಟ್ಟೆ ಕಳ್ಕೊಳ್ಳೋದು ನಾನು!"

ಕಟ್ಟೆ ಹೋಯಿತು. ತಮ್ಮ ಮಾತು ಬಿಟ್ಟ. ಎದುರಿಗೆ ಸಿಕ್ಕರೆ ಕತ್ತು ತಿರುಗಿಸಿಕೊಂಡು ಹೋಗುತ್ತಿದ್ದ. ಅವನ ಅಂಗಡಿಯ ಮುಂದೆ ಹಾಯುವಾಗ ಅತ್ತೆಯ ನಡಿಗೆ ನಿಧಾನವಾಗುವುದನ್ನು ನಾನು ಕಂಡಿದ್ದೇನೆ. ಅವನ ಕಟ್ಟೆ ಹೋದದ್ದನ್ನು ನೋಡಿದ ಮೇಲೆ ಮಾತ್ರ ಬೀದಿಯವರ ಬಾಯಿ ಕಟ್ಟಿತು. ಕಬ್ಬಿಣದ ಅಂಗಡಿಯವರು, ಫೋಟೋ ಸ್ಟುಡಿಯೋದವರು, ಬೇಕರಿಯವರು, ಎಲ್ಲರೂ ಗೊಣಗುತ್ತಲೇ ಒಡೆಸಿದರು. ಮೋರಿ ತೆರೆದುಕೊಂಡಿತು. ಹೂಳು ಹೋಯಿತು. ಮೇಲೆ ಕಬ್ಬಿಣದ ಸರಳುಗಳ ಮುಚ್ಚಳ ಬಂತು, ಎತ್ತಿದರೆ ಏಳುವಂಥದ್ದು. ಅತ್ತೆ ಬೀಗಿದರು. ನಾವೂ ಬೀಗಿದೆವು.

ಮಳೆ ಬಂತು. ನೀರು ಮತ್ತೆ ಉಕ್ಕಿತು.

ಮೊದಲಿಗಿಂತ ಸ್ವಲ್ಪ ಕಡಿಮೆ, ನಿಜ. ಆದರೆ ಅಂಗಡಿಯೊಳಗೆ ನೀರು ನಿಂತವರಿಗೆ ಸ್ವಲ್ಪ ಕಡಿಮೆ ಎಂದು ಹೇಳಿ ನೋಡಿ. ನಡು ಮಧ್ಯಾಹ್ನ ಬೀದಿಯವರೆಲ್ಲ ತೊಯ್ದ ಬಟ್ಟೆಯಲ್ಲಿ ನಮ್ಮ ಬಾಗಿಲಿಗೆ ಬಂದರು. ಮುಂದೆ ನಿಂತವನು ಅತ್ತೆಯ ತಮ್ಮನೇ. ಅಷ್ಟು ತಿಂಗಳ ಮೇಲೆ ಅಕ್ಕನೊಡನೆ ಆಡಿದ ಮೊದಲ ಮಾತು: "ಈಗ ಏನಂತೀಯಮ್ಮ, ಮೆಂಬರಮ್ಮ? ಕಟ್ಟೆಯೂ ಹೋಯ್ತು, ಚಪ್ಪಲೀನೂ ತೇಲಿ ಹೋಯ್ತು!"

ನಾನು ಅತ್ತೆಯ ಹಿಂದೆ ನಿಂತಿದ್ದೆ. ಮಳೆ ಜಾಸ್ತಿಯಾಯಿತು ಎನ್ನಬಹುದಿತ್ತು. ಯಾರೋ ಮೇಲೆ ಕಸ ಹಾಕಿದ್ದಾರೆ ಎನ್ನಬಹುದಿತ್ತು. ಅಲ್ಲಿಯವರೆಗೆ ನಮ್ಮೂರಿನ ಪುರಸಭೆಯವರು ಹೇಳುತ್ತ ಬಂದದ್ದೇ ಅದು. ಅತ್ತೆ ಹೊಸ್ತಿಲಿನಿಂದ ಇಳಿದು ಅವರ ಜೊತೆಗೇ ನೀರಿನಲ್ಲಿ ನಿಂತರು.

"ಮೋರಿ ಪುರಸಭೇದು ಅಂತ ಗೋಡೆ ಮೇಲೆ ಬರೆಸಿದ್ದು ನಾನೇ. ಅಂದ್ಮೇಲೆ ತಪ್ಪೂ ನಮ್ಮದೇ. ಎಲ್ಲಿ ತಪ್ಪಿದೆ ಅಂತ ನಂಗಿನ್ನೂ ಗೊತ್ತಿಲ್ಲ. ಗೊತ್ತು ಮಾಡ್ಕೊಂಡು ಬಂದು ಇಲ್ಲೇ ನಿಂತು ಹೇಳ್ತೀನಿ. ಅಲ್ಲೀವರೆಗೂ ಬೈತಾ ಇರಿ."

ಬೈಯಲು ಬಂದವರು ಒಬ್ಬೊಬ್ಬರಾಗಿ ತಂತಮ್ಮ ಅಂಗಡಿಯ ನೀರು ಹೊರಗೆ ಚೆಲ್ಲಲು ಹೊರಟರು.

ಇಂಜಿನಿಯರ್ ಹುಡುಗಿ ಆಗಲೇ ಕೊಡೆ ಹಿಡಿದು ಓಡಿ ಬಂದಿದ್ದಳು. ನಾವು ಮೂವರೂ ಅದೇ ಮಳೆಯಲ್ಲಿ ಮೋರಿಯ ಜೊತೆಗೆ ಕೆಳಗೆ ನಡೆದೆವು. ಪೇಟೆ ದಾಟುವವರೆಗೂ ಸರಳಿನ ಅಡಿಯಲ್ಲಿ ನೀರು ಮೇಲಕ್ಕೇ ಬಂದು ಕುದಿಯುತ್ತಿತ್ತು. ಪುರಸಭೆ ಕಚೇರಿಯ ಗೋಡೆಗೆ ಬಂದು ಬಡಿದು, ಅಲ್ಲಿ ಸುಳಿ ಸುತ್ತುತ್ತಿತ್ತು. ಕಚೇರಿಯ ಹಿಂಬದಿಗೆ ಹೋಗಿ ನೋಡಿದರೆ, ಅದೇ ಮೋರಿಯಲ್ಲಿ ಪಾದ ಮುಳುಗುವಷ್ಟು ನೀರು ತಣ್ಣಗೆ ಹರಿದು ಹೋಗುತ್ತಿತ್ತು, ಮಳೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ.

ಹುಡುಗಿ ಒಮ್ಮೆ ಈಚೆ ಓಡಿದಳು, ಒಮ್ಮೆ ಆಚೆ ಓಡಿದಳು. ಆಮೇಲೆ ಕಚೇರಿಯ ಮುಂದಿನ ಪೋರ್ಟಿಕೋ ನೋಡುತ್ತ ನಿಂತಳು. ದಪ್ಪ ಕಂಬಗಳು, ನುಣುಪಾದ ನೆಲ, ಗೋಡೆಯಲ್ಲಿ ಕಟ್ಟಿಸಿದವರ ಹೆಸರಿನ ಬಿಳಿ ಕಲ್ಲು. ಕಟ್ಟಿಸಿದ್ದು ಮಿಲ್ಲಿನವರು, ಹಿಂದಿನ ಸಲ ಅಧ್ಯಕ್ಷರಾಗಿದ್ದಾಗ.

"ಅಮ್ಮಾ, ಇದನ್ನ ಕಟ್ಟುವಾಗ ಕೆಳಗಿನ ಮೋರಿ ತೆಗೆದು ಸಣ್ಣ ಕೊಳವೆ ಹಾಕ್ಬಿಟ್ಟಿದ್ದಾರೆ. ಇಡೀ ಪೇಟೆ ನೀರು ಇದರೊಳಗೆ ತೂರ್ಕೊಂಡು ಹೋಗ್ಬೇಕು." ಆಮೇಲೆ ದನಿ ತಗ್ಗಿಸಿದಳು. "ಇದನ್ನ ನಾನು ಹೇಳಿದ್ರೆ, ನಾಳೆಯೇ ನನ್ನನ್ನ ಎಲ್ಲಿಗಾದ್ರೂ ಎತ್ತಿ ಹಾಕ್ತಾರೆ."

"ನೀನು ಎಲ್ಲಿ ಅಂತ ತೋರ್ಸಿದೆಯಲ್ಲ, ಅಷ್ಟು ಸಾಕು. ಬಾಯಿ ಮಾಡೋದು ನನ್ನ ಕೆಲಸ" ಎಂದರು ಅತ್ತೆ.

ಹೇಳಿದ ಮಾತಿನಂತೆ ವಾಪಸು ಬಂದು ಬೀದಿಯವರ ಮುಂದೆ ನಿಂತು ಹೇಳಿದರು: ಕಟ್ಟಿಕೊಂಡಿರುವುದು ನಿಮ್ಮ ಅಂಗಡಿಯಲ್ಲಲ್ಲ, ನಮ್ಮ ಕಚೇರಿಯಲ್ಲಿ. ಅಂದು ಸಂಜೆಯೇ ಮಿಲ್ಲಿಗೂ ಹೋದರು. ಸಭೆಯಲ್ಲಿ ಎಲ್ಲರೆದುರಿಗೆ ಕೇಳಿ ಆ ಮನುಷ್ಯ ಕುಗ್ಗುವುದು ಬೇಡ, ಮೊದಲು ತಿಳಿದಿರಲಿ ಎಂಬುದು ಅವರ ಮನಸ್ಸು.

ಗರಗಸ ನಿಂತಿತ್ತು. ಮಿಲ್ಲಿನವರು ಮರದ ಪುಡಿಯ ರಾಶಿಯ ಪಕ್ಕದ ಬೆಂಚಿನ ಮೇಲೆ ಕೂತು ಕೇಳಿದರು.

"ನಮ್ಮಪ್ಪ ಆ ಕಚೇರಿ ಮುಂದೆ ಸುಡುಬಿಸಿಲಲ್ಲಿ ಸಾಲು ನಿಂತು ತಲೆ ತಿರುಗಿ ಬಿದ್ದಿದ್ರು ಕಣಮ್ಮ. ನಾನಾಗ ಚಿಕ್ಕೋನು. ಇಲ್ಲಿಗೆ ಬರೋ ಜನ ನೆರಳಲ್ಲಿ ನಿಲ್ಲಲಿ ಅಂತ ಕಟ್ಸಿದ್ದು ಅದು. ಹೆಸರಿಗೆ ಕಟ್ಸಿದ್ದಲ್ಲ."

ಅತ್ತೆಗೆ ಇದು ಗೊತ್ತಿರಲಿಲ್ಲ. ಅವರ ಗಟ್ಟಿ ದನಿ ಮೆತ್ತಗಾಯಿತು. "ಒಳ್ಳೇ ಮನಸ್ಸಿಂದ್ಲೇ ಕಟ್ಸಿದ್ದೀರಿ. ನೆರಳನ್ನ ಬೇರೆ ಕಡೆ ಕಟ್ಬಹುದು. ನೀರಿಗೆ ಬೇರೆ ಕಡೆ ಇಲ್ವಲ್ಲ."

"ನೋಡೋಣ" ಎಂದರು ಅವರು. ಒಪ್ಪಲಿಲ್ಲ.

ಸಭೆಯ ದಿನ ಬೀದಿಯವರೆಲ್ಲ ಬಂದು ಹಿಂದಿನ ಬೆಂಚುಗಳ ಮೇಲೆ ಕೂತರು. ನಾನೂ ಕೂತೆ. ಮುಖ್ಯಾಧಿಕಾರಿಗಳು ಒಂದು ಉಪಾಯ ತಂದಿದ್ದರು: ಪೋರ್ಟಿಕೋ ಮುಟ್ಟುವುದು ಬೇಡ, ಮೋರಿಯನ್ನೇ ಕಚೇರಿಯ ಹೊರಗಿನಿಂದ ಸುತ್ತಿಸಿ, ಹಿಂದಿನ ಓಣಿಯ ಮನೆಗಳ ಅಂಗಳದಲ್ಲಿ ಕೊಂಡೊಯ್ಯುವುದು. ಹಲವರು ತಲೆಯಾಡಿಸಿದರು. ಆ ಓಣಿಯಿಂದ ಸಭೆಗೆ ಯಾರೂ ಬಂದಿರಲಿಲ್ಲ.

ಅತ್ತೆ ಎದ್ದರು. ಅವರು ಕಿರುಚುತ್ತಾರೆ ಎಂದುಕೊಂಡಿದ್ದೆ. ಕಿರುಚಲಿಲ್ಲ.

"ನಮ್ಮ ಅಂಗಡಿ ಕಟ್ಟೆ ಒಡೀರಿ ಅಂದಾಗ, ನೀರಿಗೆ ಬೇರೆ ದಾರಿ ಇದ್ಯಾ ಅಂತ ಇಲ್ಲಿ ಯಾರೂ ಕೇಳ್ಲಿಲ್ಲ. ನನ್ನ ತಮ್ಮನ ಕಟ್ಟೆ ಒಡೆಸ್ದೆ. ಅವನು ಬಾಯ್ತುಂಬ ಅಕ್ಕಾ ಅಂತಿದ್ದೋನು, ಮಾತೇ ಬಿಟ್ಟ. ಆಗ್ಲೂ ಯಾರೂ ಕೇಳ್ಲಿಲ್ಲ. ಈಗ ನಮ್ಮ ಪುರಸಭೆ ಕಟ್ಟೆ ಸರದಿ ಬಂದಿದೆ. ಈಗ ನೀರಿಗೆ ಬೇರೆ ದಾರಿ ಹುಡುಕ್ತಾ ಇದ್ದೀವಿ. ಓಣಿಯೋರ ಅಂಗಳಕ್ಕೆ ಕೈ ಹಾಕ್ತಿದ್ದೀವಿ. ಮೋರಿ ನಮ್ಮದು ಅಂತ ಕೈ ಎತ್ತಿದ್ದು ನಾವೇ ಅಲ್ವಾ? ಬೇರೆಯೋರ ಕಟ್ಟೆ ಒಡೆಯೋಕೆ ಮಾತ್ರ ನಮ್ಮದಾ ಅದು?"

ಇವರು ನಮ್ಮತ್ತೆ, ನಾನು ಇವರ ಮನೆಯವಳು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಬೇಕೆನಿಸಿತು. ಅವರಿಗೆಲ್ಲ ಅದು ಗೊತ್ತಿತ್ತು, ಆದರೂ ಹೇಳಬೇಕೆನಿಸಿತು.

ಮಿಲ್ಲಿನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಒಡೆಯೋ ಮುಂಚೆ ಹೆಸರಿನ ಕಲ್ಲು ಹುಷಾರಾಗಿ ತೆಗೀರಪ್ಪ. ಚೂರಾಗ್ಬಿಟ್ರೆ ನಮ್ಮನೆಯವಳು ನನ್ನ ಒಳಗೆ ಸೇರ್ಸಲ್ಲ" ಎಂದು ಎಲ್ಲರಿಗಿಂತ ಮೊದಲು ತಾವೇ ಕೈ ಎತ್ತಿದರು. ನಕ್ಕವರೂ ಎತ್ತಿದರು, ನಗದವರೂ ಎತ್ತಿದರು.

ಒಡೆಯುವ ದಿನ ಊರಿಗೆ ಊರೇ ಸೇರಿತ್ತು. ಕೆಲಸದವರು ಹಾರೆ ಎತ್ತುವಷ್ಟರಲ್ಲಿ ಜನರನ್ನು ಸರಿಸಿಕೊಂಡು ಅತ್ತೆಯ ತಮ್ಮ ಬಂದ, ಅಂಗಿಯ ತೋಳು ಮಡಿಸಿಕೊಂಡು.

"ಕೊಡ್ರಪ್ಪ ಹಾರೆ ಇಲ್ಲಿ, ನಂದೂ ಒಂದು ಏಟು! ಪುರಸಭೆ ಕಟ್ಟೆ ಒಡೆಯೋ ಭಾಗ್ಯ ಜನ್ಮದಲ್ಲಿ ಇನ್ನೊಂದ್ಸಲ ಸಿಗುತ್ತಾ?"

ಹಾರೆ ಎತ್ತಿ ಹೊಡೆದ. ನೆಲ ಜಗ್ಗಲಿಲ್ಲ, ಅವನ ಕೈ ಜುಮ್ಮೆಂದಿತು. ಕೈ ಝಾಡಿಸುತ್ತ ಅಕ್ಕನ ಕಡೆ ತಿರುಗಿ "ಅಕ್ಕಾ, ನನ್ನ ಕಟ್ಟೆಗಿಂತ ಗಟ್ಟಿಯಾಗಿದೆ ಕಣೇ" ಎಂದ. ಅತ್ತೆ ನಕ್ಕರು, ಕಣ್ಣೂ ಒರೆಸಿಕೊಂಡರು. ಹಾಸಿಗೆ ಮುಳುಗಿದ ದಿನ ಬಾರದ ಕಣ್ಣೀರು ಅಂದು ಬಂತು. ನೆಲ ಎದ್ದ ಮೇಲೆ ಸಿಕ್ಕ ಕೊಳವೆ ನಮ್ಮ ಅಂಗಡಿಯ ಒಂದು ದಿಂಬು ತುರುಕಿದರೆ ಸಿಕ್ಕಿಕೊಳ್ಳುವಷ್ಟು ಕಿರಿದು. ಇಂಜಿನಿಯರ್ ಹುಡುಗಿ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಹೊಸ ಮೋರಿ ಕಟ್ಟಿಸಿದಳು. ಅವಳನ್ನು ಯಾರೂ ಎಲ್ಲಿಗೂ ಎತ್ತಿ ಹಾಕಲಿಲ್ಲ. ನೆರಳಿಗೆ ಮಿಲ್ಲಿನವರು ಪಕ್ಕದಲ್ಲಿ ತಮ್ಮದೇ ಮರದಿಂದ ಚಪ್ಪರ ಹಾಕಿಸಿಕೊಟ್ಟರು.

ಮುಂದಿನ ಮಳೆಗಾಲದಲ್ಲಿ ಹಿಂದೆಂದೂ ಕಾಣದಂಥ ಮಳೆ ಸುರಿಯಿತು. ಬೀದಿಯವರೆಲ್ಲ ತಂತಮ್ಮ ಬಾಗಿಲಲ್ಲಿ ನಿಂತು ಸರಳಿನ ಅಡಿಗೆ ಕಣ್ಣು ನೆಟ್ಟಿದ್ದರು. ನೀರು ಏರಿತು, ಏರಿ ಅಲ್ಲೇ ನಿಂತಿತು, ಆಮೇಲೆ ದಡದಡನೆ ಕೆಳಗೆ ಓಡಿತು. ಬೇಕರಿಯವರು ಒಲೆ ಆರಿಸಲಿಲ್ಲ. ಫೋಟೋ ಸ್ಟುಡಿಯೋದಲ್ಲಿ ಯಾರದೋ ಮದುವೆಯ ಫೋಟೋ ತೆಗೆಯುವುದು ನಿಲ್ಲಲಿಲ್ಲ. ಹಿಂದಿನ ಓಣಿಯ ಅಂಗಳಗಳಲ್ಲಿ ಮಕ್ಕಳು ಮಳೆಯಲ್ಲಿ ಕುಣಿಯುತ್ತಿದ್ದವು.

ಈಗ ಅತ್ತೆಗೆ ಎರಡನೆಯ ಅವಧಿ. ಅಂದು ಸಭೆಯಲ್ಲಿ ಹೇಳಿಕೊಂಡ ಮೊಮ್ಮಗಳು ಬಂದು, ನಡೆಯಲೂ ಕಲಿತು, ಹತ್ತಿಯ ಗುಡ್ಡದಲ್ಲಿ ಉರುಳಾಡುತ್ತಾಳೆ. ಮಿಲ್ಲಿನವರು ಅಧ್ಯಕ್ಷರಲ್ಲ, ಬರೀ ಸದಸ್ಯರು. ಮೊನ್ನೆ ಸಭೆಗೆ ಒಬ್ಬ ಬಿಲ್ಡರ್ ಬಂದಿದ್ದ, ಶಾಲೆಯ ದಿಬ್ಬದ ಮೇಲೆ ಮನೆಗಳ ಬಡಾವಣೆ ಮಾಡಲು ಅನುಮತಿ ಕೇಳಿಕೊಂಡು. ರಸ್ತೆ ತೋರಿಸಿದ, ದೀಪದ ಕಂಬ ತೋರಿಸಿದ, ಪಾರ್ಕು ತೋರಿಸಿದ. ಅತ್ತೆ ಬಾಯಿ ತೆರೆಯುವ ಮೊದಲೇ ಮಿಲ್ಲಿನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರಂತೆ: "ಮಳೆನೀರು ಎಲ್ಲಿಗೆ ಹೋಗುತ್ತೆ?"

"ಅದು ತಾನಾಗೇ ಕೆಳಗಡೆ ಹೋಗುತ್ತೆ ಸಾರ್."

"ಕೆಳಗಡೆ ಜನ ಇದ್ದಾರಪ್ಪ. ಎಲ್ಲಿಂದ ಎಲ್ಲಿಗೆ ಅಂತ ನಕ್ಷೆಯಲ್ಲಿ ತೋರ್ಸ್ಕೊಂಡು ಬಾ. ಆಮೇಲೆ ಮನೆ ಮಾತು."

ಇಂಜಿನಿಯರ್ ತಲೆಯಾಡಿಸಿದಳಂತೆ, ಉಳಿದ ಸದಸ್ಯರೂ ತಲೆಯಾಡಿಸಿದರಂತೆ. ಬಿಲ್ಡರ್ ನಕ್ಷೆ ಸುತ್ತಿಕೊಂಡು ಹೋದನಂತೆ.

ಮನೆಗೆ ಬಂದ ಅತ್ತೆ ಕಾಲು ಚಾಚಿ ಕೂತು, ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು ಈ ಕತೆಯನ್ನು ಎರಡೆರಡು ಸಲ ಹೇಳಿದರು. ಅವರ ಮುಖ ಗೆದ್ದ ದಿನಕ್ಕಿಂತ ಹೆಚ್ಚು ಅರಳಿತ್ತು.

"ಇವತ್ತು ಇಡೀ ಸಭೇಲಿ ನಾನು ಬಾಯೇ ಬಿಡಬೇಕಾಗ್ಲಿಲ್ಲ ಕಣೇ" ಎಂದರು ನನಗೆ.

ಒಳಗಿನಿಂದ ಮಾವ ಯಂತ್ರ ನಿಲ್ಲಿಸಿ ಕೂಗಿದರು: "ಏನಂದೆ? ಇನ್ನೊಂದ್ಸಲ ಹೇಳು, ನಂಬೋಕಾಗ್ತಿಲ್ಲ!"